ನಿಯಾನ್ ಶೇಡ್‌ಗೆ ಕಂಪ್ಯೂಟರ್ ರೆಸಿಪಿ: ಪಾಲಿಯೆಸ್ಟರ್ ಮೇಲೆ ಫ್ಲೋರೊಸೆಂಟ್ ಬಣ್ಣ ಹೊಂದಿಸುವ ಕ್ರಮ

ಟ್ರಾಫಿಕ್ ಪೊಲೀಸರ ಜಾಕೆಟ್ಟಿನ ನಿಂಬೆ ಹಳದಿ, ರಸ್ತೆ ಕೆಲಸದವರ ಉರಿಯುವ ಕಿತ್ತಳೆ, ಕ್ರೀಡಾ ಟೀಶರ್ಟಿನ ಗಿಳಿ ಹಸಿರು. ಇಂಥ ಶೇಡ್ ಡೈಹೌಸಿನ ಲ್ಯಾಬ್‌ಗೆ ಬಂದಾಗ ಸ್ಪೆಕ್ಟ್ರೋಫೋಟೋಮೀಟರ್ (ಬಟ್ಟೆಯಿಂದ ವಾಪಸ್ ಬರುವ ಬೆಳಕನ್ನು ತರಂಗಾಂತರವಾರು ಅಳೆಯುವ ಉಪಕರಣ) ಮುಂದೆ ಹಿಡಿದು ಬಟನ್ ಒತ್ತಿದರೆ ಒಂದು ರೆಸಿಪಿ ಬಂದೇ ಬರುತ್ತದೆ. ಡೆಲ್ಟಾ ಇ, ಅಂದರೆ ಎರಡು ಬಣ್ಣಗಳ ನಡುವಿನ ವ್ಯತ್ಯಾಸದ ಅಂಕಿ, 0.4 ಎಂದೂ ತೋರಿಸುತ್ತದೆ. ಬೀಕರಿನಿಂದ ಹೊರಬಂದ ಬಟ್ಟೆ ಮಾತ್ರ ಮಂಕು ಹಳದಿ. ಆಗ ಮಾಸ್ಟರ್ ಕಂಪ್ಯೂಟರನ್ನು ಬೈದು ಕಣ್ಣಂದಾಜಿಗೆ ಮರಳುತ್ತಾರೆ.

ಎರಡೂ ಅತಿ. ಫ್ಲೋರೊಸೆಂಟ್ ಶೇಡ್‌ನಲ್ಲಿ ಕಂಪ್ಯೂಟರ್‌ಗೆ ಅರ್ಧ ಲೆಕ್ಕ ಚೆನ್ನಾಗಿ ಬರುತ್ತದೆ, ಇನ್ನರ್ಧ ಸುತರಾಂ ಬರುವುದಿಲ್ಲ. ಬಣ್ಣ ಎಷ್ಟು ಬೆಳಕನ್ನು ಹೀರುತ್ತದೆ ಎಂಬುದು ಅದಕ್ಕೆ ಗೊತ್ತು. ಹೀರಿದ ಬೆಳಕನ್ನು ಬಣ್ಣ ಮತ್ತೆ ಬೇರೆ ತರಂಗಾಂತರದಲ್ಲಿ ಹೊಮ್ಮಿಸುತ್ತದೆ ಎಂಬುದು ಗೊತ್ತಿಲ್ಲ. ಗೊತ್ತಿರುವ ಅರ್ಧವನ್ನು ಅದರಿಂದ ಮಾಡಿಸಿಕೊಂಡು ಉಳಿದದ್ದನ್ನು ಕೈಲೆಕ್ಕದಲ್ಲಿ ಮುಗಿಸುವ ಕ್ರಮ ಇಲ್ಲಿದೆ. ಪಾಲಿಯೆಸ್ಟರ್ ಮತ್ತು ಅದಕ್ಕೆ ಹಾಕುವ ಡಿಸ್ಪರ್ಸ್ ಬಣ್ಣವನ್ನೇ ಉದಾಹರಣೆಗೆ ತೆಗೆದುಕೊಂಡಿದೆ, ಏಕೆಂದರೆ ಈ ಶೇಡ್‌ಗಳಲ್ಲಿ ಹೆಚ್ಚಿನವು ಅಲ್ಲೇ ಬರುತ್ತವೆ.

ಲೆಕ್ಕ ಮುಗ್ಗರಿಸುವ ಜಾಗ

ರೆಸಿಪಿ ಸಾಫ್ಟ್‌ವೇರ್‌ಗಳೆಲ್ಲ ನಿಂತಿರುವುದು 1931ರಲ್ಲಿ ಕುಬೆಲ್ಕಾ ಮತ್ತು ಮುಂಕ್ ಕೊಟ್ಟ ಸಮೀಕರಣದ ಮೇಲೆ:

ಕೆ/ಎಸ್ = (1 − ಆರ್)² ÷ 2ಆರ್

ಕೆ ಎಂದರೆ ಹೀರುವಿಕೆ, ಎಸ್ ಎಂದರೆ ಚದುರುವಿಕೆ, ಆರ್ ಎಂದರೆ ಪ್ರತಿಫಲನ. 40 ಶೇಕಡಾ ಇದ್ದರೆ 0.40. ಕೆ/ಎಸ್ ಬೆಲೆ ಬಣ್ಣದ ಪ್ರಮಾಣದ ಜೊತೆ ಹೆಚ್ಚುಕಡಿಮೆ ನೇರವಾಗಿ ಏರುತ್ತದೆ, ಹಲವು ಬಣ್ಣಗಳ ಬೆಲೆಗಳನ್ನು ಕೂಡಿಸಲೂ ಬರುತ್ತದೆ. ಈ ಕೂಡುವ ಗುಣವೇ ಇಡೀ ವ್ಯವಸ್ಥೆಯ ಜೀವಾಳ. ಆದರೆ ಬಿದ್ದ ಬೆಳಕಿಗಿಂತ ಹೆಚ್ಚು ಬೆಳಕು ವಾಪಸ್ ಬರುವುದಿಲ್ಲ ಎಂದು ಅದು ನಂಬಿಕೊಂಡಿದೆ. ಫ್ಲೋರೊಸೆಂಟ್ ಹಳದಿ ಬಟ್ಟೆಯನ್ನು ಅಳೆದು ನೋಡಿ: 440–460 ನ್ಯಾನೋಮೀಟರ್ ನೀಲಿ ಬೆಳಕನ್ನು ಹೀರಿ ಸುಮಾರು 510ರಲ್ಲಿ ಹೊಮ್ಮಿಸುವುದರಿಂದ ಆ ಜಾಗದಲ್ಲಿ ರೇಖೆ 100ನ್ನು ದಾಟಿ 125, 150 ಶೇಕಡಾಕ್ಕೂ ಏರುತ್ತದೆ.

ಈಗ ಆರ್ = 0.80 ಹಾಕಿ ಲೆಕ್ಕ ಮಾಡಿ: 0.04 ÷ 1.6 = 0.025. ಆರ್ = 1.25 ಹಾಕಿ: 0.0625 ÷ 2.5 = 0.025. ಉತ್ತರ ಒಂದೇ! 125 ಶೇಕಡಾ ಹೊಳೆಯುವ ಬಟ್ಟೆ ಸಮೀಕರಣದ ಕಣ್ಣಿಗೆ 80 ಶೇಕಡಾದ ಮಂಕು ಬಟ್ಟೆಯಂತೆಯೇ ಕಾಣುತ್ತದೆ. 150 ಶೇಕಡಾಕ್ಕೆ 0.083 ಬರುತ್ತದೆ, ಅದು 67 ಶೇಕಡಾ ಪ್ರತಿಫಲನಕ್ಕೆ ಸಮ. ಹೊಳಪು ಹೆಚ್ಚಿದಷ್ಟೂ ಲೆಕ್ಕಕ್ಕೆ ಅದು ಕೊಳೆ. ಕೆಲವು ಪ್ರೋಗ್ರಾಂಗಳು ಈ ಗೊಂದಲ ತಪ್ಪಿಸಲು 100 ದಾಟಿದ್ದನ್ನೆಲ್ಲ ಅಲ್ಲಿಗೇ ಕತ್ತರಿಸುತ್ತವೆ. ಆಗ ಹೊಳಪಿನ ಮಾಹಿತಿಯೇ ಕಳೆದುಹೋಗುತ್ತದೆ. ಮಂಕು ರೆಸಿಪಿಯ ಮೂಲ ಇಲ್ಲಿದೆ, ಲ್ಯಾಬ್ ಹುಡುಗನ ಕೈಯಲ್ಲಿ ಅಲ್ಲ.

ಸ್ಯಾಂಪಲ್ ಯಾವ ಜಾತಿ ಎಂದು ಮೊದಲು ನೋಡಿ

ಗ್ರಾಹಕರು ಕಳಿಸಿದ ತುಂಡು ನಿಜಕ್ಕೂ ಫ್ಲೋರೊಸೆಂಟೋ, ಬರೀ ಪ್ರಖರ ಶೇಡೋ ಎಂದು ತಿಳಿಯದೆ ಮುಂದೆ ಹೋಗಬೇಡಿ. ಮೂರು ಪರೀಕ್ಷೆ ಸಾಕು.

365 ನ್ಯಾನೋಮೀಟರ್ ಯುವಿ ಟಾರ್ಚ್ ಹಿಡಿದು ಕತ್ತಲಲ್ಲಿ ನೋಡಿ. ಬಟ್ಟೆ ಬಿಳಿ ನೀಲಿಯಾಗಿ ಬೆಳಗಿದರೆ ಅದು ಆಪ್ಟಿಕಲ್ ಬ್ರೈಟ್ನರ್, ಅಂದರೆ ಬಿಳುಪು ಹೆಚ್ಚಿಸುವ ರಾಸಾಯನಿಕ. ಬಟ್ಟೆಯದೇ ಬಣ್ಣದಲ್ಲಿ ಬೆಳಗಿದರೆ ಫ್ಲೋರೊಸೆಂಟ್ ಡೈ. ಆಮೇಲೆ ಸ್ಪೆಕ್ಟ್ರೋದಲ್ಲಿ ಯುವಿ ಸಹಿತ ಒಮ್ಮೆ, 420 ನ್ಯಾನೋಮೀಟರ್‌ಗಿಂತ ಕೆಳಗಿನ ಬೆಳಕನ್ನು ತಡೆಯುವ ಫಿಲ್ಟರ್ ಹಾಕಿ ಇನ್ನೊಮ್ಮೆ ಅಳೆದು ಎರಡು ರೇಖೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಬೇರೆಯಾದರೆ ಫ್ಲೋರೊಸೆನ್ಸ್ ಇದೆ ಎಂದರ್ಥ. ಬೇರೆಯಾಗದಿದ್ದರೆ ಇಲ್ಲ ಎಂದರ್ಥವಲ್ಲ, ಇಲ್ಲೇ ಬಹಳ ಜನ ಎಡವುವುದು. ರೋಡಮಿನ್ ಜಾತಿಯ ಗುಲಾಬಿಗಳು 550ರ ಆಸುಪಾಸಿನ ಹಸಿರು ಬೆಳಕಿನಿಂದಲೇ ಉದ್ದೀಪನಗೊಂಡು 580ರ ಹತ್ತಿರ ಹೊಮ್ಮಿಸುತ್ತವೆ. ಯುವಿ ಕತ್ತರಿಸಿದರೂ ಅವುಗಳಿಗೆ ಹೆಚ್ಚೇನೂ ಆಗುವುದಿಲ್ಲ.

ಮೂರನೆಯದು ರೇಖೆಯ ಆಕಾರ. 100 ದಾಟಿದ್ದರೆ ಸಂಶಯವೇ ಬೇಡ. ದಾಟದಿದ್ದರೂ ಹೀರುವ ಕಣಿವೆ ಮುಗಿದ ಕೂಡಲೇ ಗೋಡೆಯಂತೆ ನೆಟ್ಟಗೆ ಏರಿ, ಒಂದು ಶಿಖರ ಮುಟ್ಟಿ ಮತ್ತೆ ಕೆಳಗಿಳಿಯುವ ರೇಖೆ ಫ್ಲೋರೊಸೆಂಟಿನದೇ. ಮಾಮೂಲಿ ಹಳದಿಯ ರೇಖೆ ಏರಿ ಹಾಗೇ ಮಟ್ಟಸವಾಗಿ ನಿಲ್ಲುತ್ತದೆ, ಗುಡ್ಡ ಕಟ್ಟುವುದಿಲ್ಲ.

ಸ್ಪೆಕ್ಟ್ರೋ ಸಿದ್ಧತೆ

ಉಪಕರಣದ ಬೆಳಕಿನ ದಾರಿ ಯಾವ ಬಗೆಯದು ಎಂದು ಮ್ಯಾನುಯಲ್‌ನಲ್ಲಿ ನೋಡಿ. ಪೂರ್ತಿ ಬಿಳಿ ಬೆಳಕನ್ನು ಬಟ್ಟೆ ಮೇಲೆ ಹಾಕಿ, ವಾಪಸ್ ಬಂದದ್ದನ್ನು ಬಿಡಿಸಿ ಅಳೆಯುವಂಥದ್ದೇ ಬೇಕು. ಇಂದಿನ ಕ್ಸೆನಾನ್ ಫ್ಲ್ಯಾಶ್ ಗೋಳದ ಉಪಕರಣಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ. ಬೆಳಕನ್ನು ಮೊದಲೇ ಬಿಡಿಸಿ ಒಂದೊಂದೇ ತರಂಗಾಂತರವನ್ನು ಬಟ್ಟೆಗೆ ಹಾಯಿಸುವ ಹಳೆಯ ಬಗೆಯದ್ದಾದರೆ, 450 ಹಾಯಿಸಿದಾಗ ಹೊಮ್ಮಿದ 510ರ ಬೆಳಕನ್ನೂ ಅದು 450ರ ಖಾತೆಗೇ ಬರೆದುಬಿಡುತ್ತದೆ. ಅಂಥದರಲ್ಲಿ ಫ್ಲೋರೊಸೆಂಟ್ ಅಳೆಯಬೇಡಿ. ಹೀರುವ ಮತ್ತು ಹೊಮ್ಮಿಸುವ ಬೆಳಕನ್ನು ಪೂರ್ತಿ ಬೇರ್ಪಡಿಸಿ ಅಳೆಯುವ ಎರಡು ಮಾನೋಕ್ರೊಮೇಟರಿನ ಉಪಕರಣಗಳೂ ಇವೆ, ಆದರೆ ಅವು ಮಾನಕ ಪ್ರಯೋಗಾಲಯದ ಸರಕು, ಡೈಹೌಸಿಗೆ ಅನಿವಾರ್ಯವಲ್ಲ.

ಯುವಿ ಕ್ಯಾಲಿಬ್ರೇಶನ್ ಕಡ್ಡಾಯ. ಕ್ಸೆನಾನ್ ದೀಪದಲ್ಲಿ ಯುವಿ ಡಿ65ಕ್ಕಿಂತ (ಹಗಲು ಬೆಳಕಿನ ಮಾನಕ) ಹೆಚ್ಚಿರುತ್ತದೆ, ದೀಪ ಹಳೆಯದಾದಂತೆ, ಗೋಳದ ಒಳಲೇಪ ಹಳದಿಯಾದಂತೆ ಅದು ಬದಲಾಗುತ್ತಲೂ ಇರುತ್ತದೆ. ವೈಟ್‌ನೆಸ್ ಬೆಲೆ ನಮೂದಾದ ಫ್ಲೋರೊಸೆಂಟ್ ಬಿಳಿ ಮಾನಕ ಇಟ್ಟು, ಆ ಬೆಲೆ ಬರುವವರೆಗೆ ಫಿಲ್ಟರ್ ಹೊಂದಿಸಬೇಕು. ವಾರಕ್ಕೊಮ್ಮೆ ಮಾಡಿದರೆ ಒಳ್ಳೆಯದು. ದೀಪ ಬದಲಿಸಿದ ದಿನ ತಪ್ಪಿಸಲೇಬೇಡಿ. ಬಟ್ಟೆಯ ಬಿಳಿ ಮಾನಕಕ್ಕೆ ಆಯಸ್ಸು ಕಡಿಮೆ, ಅವಧಿ ಮುಗಿದದ್ದನ್ನು ಎಸೆಯಿರಿ.

ಅಳೆಯುವಾಗ ಗಮನಿಸಬೇಕಾದವು:

ಉಪಕರಣದ ಅಳತೆ ರಂಧ್ರದ ಗಾತ್ರ ಮಾನಕಕ್ಕೂ (ಹೊಂದಿಸಬೇಕಾದ ಗ್ರಾಹಕರ ತುಂಡು) ಲ್ಯಾಬ್ ಡಿಪ್‌ಗೂ (ಲ್ಯಾಬ್‌ನಲ್ಲಿ ಬಣ್ಣ ಹಾಕಿದ ಪ್ರಯೋಗದ ತುಂಡು) ಒಂದೇ ಇರಲಿ. ಇದು ಬರೀ ಶಿಸ್ತಿನ ಮಾತಲ್ಲ. ಫ್ಲೋರೊಸೆಂಟ್ ಬಟ್ಟೆ ತಾನೇ ಬೆಳಕು ಹೊಮ್ಮಿಸುವುದರಿಂದ ಗೋಳದ ಒಳಗಿನ ಬೆಳಕಿನ ಬಣ್ಣವನ್ನೇ ಬದಲಿಸುತ್ತದೆ. ರಂಧ್ರ ದೊಡ್ಡದಾದಷ್ಟೂ ಈ ಬದಲಾವಣೆ ದೊಡ್ಡದು. ಒಂದೇ ಬಟ್ಟೆ ದೊಡ್ಡ ಮತ್ತು ಸಣ್ಣ ರಂಧ್ರದಲ್ಲಿ ಬೇರೆ ಬೇರೆ ಬೆಲೆ ತೋರಿಸಿದರೆ ಬೆಚ್ಚಬೇಡಿ.

ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಪ್ರತಿ ಸಲ 90 ಡಿಗ್ರಿ ತಿರುಗಿಸಿ ನಾಲ್ಕು ಸಲ ಓದಿ, ಸರಾಸರಿ ತೆಗೆಯಿರಿ. ಗಾಜಿನ ಪಟ್ಟಿ ಮುಂದಿಟ್ಟು ಅಳೆಯಬೇಡಿ, ಗಾಜು ಯುವಿಯನ್ನು ತಡೆಯುತ್ತದೆ. ಡ್ರೈಯರಿನಿಂದ ತೆಗೆದ ಬಿಸಿ ತುಂಡನ್ನು ನೇರ ಇಡಬೇಡಿ; 20 ಡಿಗ್ರಿ, 65 ಶೇಕಡಾ ತೇವಾಂಶದಲ್ಲಿ ಹೊಂದಿಕೊಳ್ಳಲು ಬಿಡಿ. ಕಂಡೀಶನಿಂಗ್ ಪೆಟ್ಟಿಗೆ ಇಲ್ಲದಿದ್ದರೆ ಮಾನಕವನ್ನೂ ಡಿಪ್ಪನ್ನೂ ಒಂದೇ ಕೋಣೆಯಲ್ಲಿ ಅರ್ಧ ಗಂಟೆ ಒಟ್ಟಿಗೆ ಇಟ್ಟು ಆಮೇಲೆ ಅಳೆಯಿರಿ.

ಗ್ರಾಹಕರು ಇಮೇಲ್‌ನಲ್ಲಿ ಕಳಿಸುವ ಕ್ಯೂಟಿಎಕ್ಸ್ ಫೈಲನ್ನು (ಅವರ ಉಪಕರಣದಲ್ಲಿ ಅಳೆದ ಅಂಕಿಗಳ ಫೈಲ್) ಮಾನಕವಾಗಿ ಹಾಕಿಕೊಳ್ಳುವ ಅಭ್ಯಾಸ ಮಾಮೂಲಿ ಶೇಡ್‌ಗೆ ಸರಿ. ಇಲ್ಲಿ ಬೇಡ. ಅವರ ಉಪಕರಣದ ದೀಪ, ಗೋಳ, ಯುವಿ ಮಟ್ಟ ನಿಮ್ಮದಕ್ಕೆ ಹೊಂದುವುದಿಲ್ಲ. ಬಟ್ಟೆಯ ತುಂಡನ್ನೇ ತರಿಸಿಕೊಂಡು ನಿಮ್ಮ ಉಪಕರಣದಲ್ಲೇ ಅಳೆಯಿರಿ.

ಡೇಟಾಬೇಸ್ ಡೈಯಿಂಗ್

ಪ್ರತಿ ಬಣ್ಣವನ್ನೂ ಗೊತ್ತಾದ ಪ್ರಮಾಣಗಳಲ್ಲಿ ಹಾಕಿ ಅಳೆದಿಟ್ಟ ತುಂಡುಗಳೇ ಲೆಕ್ಕದ ಡೇಟಾಬೇಸ್. ಬೇಸ್ ಬಟ್ಟೆ ಬಲ್ಕ್‌ನದೇ (ದೊಡ್ಡ ಯಂತ್ರದ ಉತ್ಪಾದನೆಯದೇ) ಇರಲಿ: ಸ್ಪಿನ್ ಫಿನಿಶ್ (ನೂಲು ತೆಗೆಯುವಾಗ ಹಚ್ಚಿದ ಎಣ್ಣೆ) ತೊಳೆದದ್ದು, ಹೀಟ್ ಸೆಟ್ ಆದದ್ದು (ಬಿಸಿಯಲ್ಲಿ ಅಳತೆ ಸ್ಥಿರವಾದದ್ದು), ಬ್ರೈಟ್ನರ್ ಹಾಕದೆ ಇದ್ದದ್ದು. ಬ್ರೈಟ್ನರ್ ಇರುವ ಬಟ್ಟೆ ಮೇಲೆ ಮಾಡಿದ ಡೇಟಾಬೇಸ್ ಆ ಬಟ್ಟೆಗೆ ಮಾತ್ರ ಅನ್ವಯ. ಬಣ್ಣವಿಲ್ಲದೆ ಉಳಿದೆಲ್ಲ ರಾಸಾಯನಿಕ ಹಾಕಿ, ಅದೇ ಬಿಸಿಯಲ್ಲಿ ಓಡಿಸಿದ ಖಾಲಿ ಡೈಯಿಂಗ್ ತುಂಡೊಂದನ್ನು ಮೊದಲು ಮಾಡಿಟ್ಟುಕೊಳ್ಳಿ. ಲೆಕ್ಕದಲ್ಲಿ ಬೇಸ್ ಎಂದರೆ ಅದು, ಕಚ್ಚಾ ಬಟ್ಟೆಯಲ್ಲ.

ಮಾಮೂಲಿ ಡಿಸ್ಪರ್ಸ್ ಬಣ್ಣಕ್ಕೆ ಎಂಟು ಹಂತ ಸಾಕು. ಫ್ಲೋರೊಸೆಂಟ್ ಬಣ್ಣಕ್ಕೆ ಹತ್ತಾದರೂ ಬೇಕು: ಬಟ್ಟೆ ತೂಕದ ಮೇಲೆ 0.02, 0.05, 0.1, 0.2, 0.4, 0.6, 0.8, 1.0, 1.5, 2.0 ಶೇಕಡಾ. 5 ಗ್ರಾಂ ಬಟ್ಟೆ, 1:10 ಲಿಕ್ಕರ್ (ಡೈಯಿಂಗ್ ದ್ರಾವಣ), ಅಂದರೆ 50 ಮಿಲಿ. ಅಸಿಟಿಕ್ ಆಮ್ಲ ಮತ್ತು ಸೋಡಿಯಂ ಅಸಿಟೇಟ್‌ನಿಂದ ಪಿಎಚ್ 4.5–5, ಡಿಸ್ಪರ್ಸಿಂಗ್ ಏಜೆಂಟ್ ಲೀಟರಿಗೆ 1 ಗ್ರಾಂ, ನಿಮಿಷಕ್ಕೆ 1.5–2 ಡಿಗ್ರಿಯಂತೆ 130ಕ್ಕೆ ಏರಿಸಿ 45 ನಿಮಿಷ. 80ಕ್ಕೆ ಇಳಿಸಿ ಬಸಿದು ತೊಳೆಯಿರಿ.

ರಿಡಕ್ಷನ್ ಕ್ಲಿಯರಿಂಗ್‌ನಲ್ಲಿ (ಮೇಲ್ಮೈಯಲ್ಲಿ ಉಳಿದ ಬಣ್ಣ ತೆಗೆಯುವ ತೊಳೆತ) ಕೈ ತಡೆಯಿರಿ. ಲೀಟರಿಗೆ ಕಾಸ್ಟಿಕ್ 2 ಗ್ರಾಂ, ಹೈಡ್ರೋಸ್ (ಸೋಡಿಯಂ ಹೈಡ್ರೋಸಲ್ಫೈಟ್) 2 ಗ್ರಾಂ, 80 ಡಿಗ್ರಿ ಎಂಬ ಮಾಮೂಲಿ ಹದ ಡಿಸ್ಪರ್ಸ್ ಯೆಲ್ಲೋ 82ರಂಥ ಕೂಮರಿನ್ ಬಣ್ಣಗಳಿಗೆ ಅಪಾಯ ತರಬಹುದು. ಕೂಮರಿನ್‌ನ ಲ್ಯಾಕ್ಟೋನ್ ಉಂಗುರ ಕ್ಷಾರದಲ್ಲಿ ತೆರೆದುಕೊಳ್ಳುವಂಥದ್ದು. ಒಂದೇ ಡಿಪ್ಪನ್ನು ಎರಡು ತುಂಡು ಮಾಡಿ, ಒಂದನ್ನು ಕ್ಲಿಯರಿಂಗ್‌ಗೆ, ಇನ್ನೊಂದನ್ನು ಬರೀ ಸೋಪಿಗೆ ಹಾಕಿ ಶಿಖರ ಹೋಲಿಸಿ. ಇಳಿದಿದ್ದರೆ ಆಮ್ಲೀಯ ಕ್ಲಿಯರಿಂಗ್‌ಗೆ ಬದಲಾಯಿಸಿ. ಲ್ಯಾಬ್‌ನಲ್ಲಿ ಯಾವುದು ಮಾಡಿದಿರೋ ಬಲ್ಕ್‌ನಲ್ಲೂ ಅದನ್ನೇ ಮಾಡಬೇಕು ಎಂಬುದನ್ನು ರೆಸಿಪಿ ಕಾರ್ಡಿನ ಮೇಲೆ ಬರೆದಿಡಿ.

ಪಿಪೆಟ್ ವಿಷಯ ಸಣ್ಣದೆಂದು ಬಿಡಬೇಡಿ. 5 ಗ್ರಾಂಗೆ 0.60 ಶೇಕಡಾ ಎಂದರೆ 30 ಮಿಲಿಗ್ರಾಂ. ಲೀಟರಿಗೆ 1 ಗ್ರಾಂ ದ್ರಾವಣದಲ್ಲಿ 30 ಮಿಲಿ. ಶೇಡಿಂಗ್ ನೀಲಿ (ಶೇಡ್ ತಿರುಗಿಸಲು ಚೂರು ಸೇರಿಸುವ ನೀಲಿ) 0.020 ಶೇಕಡಾ ಎಂದರೆ ಬರೀ 1 ಮಿಲಿಗ್ರಾಂ. ಅದೇ ದ್ರಾವಣದಿಂದ 1 ಮಿಲಿ ತೆಗೆದರೆ, 0.1 ಮಿಲಿ ತಪ್ಪಿದರೂ 10 ಶೇಕಡಾ ತಪ್ಪಾಯಿತು. ಆದ್ದರಿಂದ ನೀಲಿಗೆ ಲೀಟರಿಗೆ 0.1 ಗ್ರಾಂ ದ್ರಾವಣ ಬೇರೆಯೇ ಮಾಡಿ 10 ಮಿಲಿ ತೆಗೆಯಿರಿ. ಡಿಸ್ಪರ್ಸ್ ಬಣ್ಣ ಕರಗಿರುವುದಿಲ್ಲ, ತೇಲಿರುತ್ತದೆ. ಪ್ರತಿ ಸಲ ತೆಗೆಯುವ ಮೊದಲು ಅಲುಗಾಡಿಸಿ.

ಹತ್ತೂ ತುಂಡುಗಳನ್ನು ಅಳೆದ ಮೇಲೆ ಬಣ್ಣದ ಪ್ರಮಾಣದ ಎದುರು ಶಿಖರದ ಎತ್ತರವನ್ನು ಗ್ರಾಫ್ ಹಾಕಿ. ಇದೊಂದು ಗ್ರಾಫ್ ಮುಂದಿನ ಎಷ್ಟೋ ಜಗಳ ಉಳಿಸುತ್ತದೆ. ಶಿಖರ ಮೊದಲು ಏರುತ್ತದೆ, ಒಂದು ಪ್ರಮಾಣದಲ್ಲಿ ನಿಲ್ಲುತ್ತದೆ, ಆಮೇಲೆ ಬಣ್ಣ ಹೆಚ್ಚಿಸಿದರೆ ಇಳಿಯುತ್ತದೆ. ಅಣುಗಳು ಒತ್ತೊತ್ತಾಗಿ ಕೂತಾಗ ಒಂದರ ಶಕ್ತಿಯನ್ನು ಪಕ್ಕದ್ದು ನುಂಗುತ್ತದೆ. ಹೊಮ್ಮಿದ ಬೆಳಕನ್ನೂ ಅದೇ ಬಣ್ಣ ಮತ್ತೆ ಹೀರುತ್ತದೆ. ಜೊತೆಗೆ ಶಿಖರ ಕೆಂಪಿನ ಕಡೆಗೆ ಸರಿಯುತ್ತದೆ, ನಿಂಬೆ ಹಳದಿ ಮಾಗಿದ ಹಳದಿಯಾಗುತ್ತದೆ. ಗುಡ್ಡದ ನೆತ್ತಿ 1.0 ಶೇಕಡಾದಲ್ಲಿ ಸಿಕ್ಕಿದರೆ ಸಾಫ್ಟ್‌ವೇರ್‌ನಲ್ಲಿ ಆ ಬಣ್ಣಕ್ಕೆ 0.9ರ ಗರಿಷ್ಠ ಮಿತಿ ಹಾಕಿಬಿಡಿ. ಇಲ್ಲದಿದ್ದರೆ "ಇನ್ನೂ ಹೊಳಪು ಬೇಕು" ಎಂದಾಗಲೆಲ್ಲ ಅದು ಗುಡ್ಡದ ಆಚೆ ಬದಿಗೆ ಇಳಿದು ಇನ್ನಷ್ಟು ಬಣ್ಣ ಸುರಿಯಲು ಹೇಳುತ್ತದೆ.

ಹೊಸ ಲಾಟ್ ಬಂದಾಗ ಅಸಿಟೋನ್‌ನಲ್ಲಿ ಕರಗಿಸಿ ಹೀರುವಿಕೆ ನೋಡಿದರೆ ಶಕ್ತಿ ಗೊತ್ತಾಗುತ್ತದೆ, ಬಟ್ಟೆ ಮೇಲಿನ ಹೊಳಪು ಗೊತ್ತಾಗುವುದಿಲ್ಲ. 0.2 ಮತ್ತು 0.8ರಲ್ಲಿ ಎರಡು ಡಿಪ್ ಹಾಕಿ ಹಳೆಯ ಲಾಟ್‌ನ ಪಕ್ಕ ಇಟ್ಟು ನೋಡಿ.

ಜೊತೆಗೆ ಯಾರನ್ನು ಸೇರಿಸಬೇಕು

ರೆಸಿಪಿ ಹಾಳಾಗುವುದು ಬಹುತೇಕ ಇಲ್ಲೇ. ಸಾಫ್ಟ್‌ವೇರ್‌ಗೆ ಇಡೀ ಬಣ್ಣದ ಪಟ್ಟಿ ಕೊಟ್ಟು "ಅಗ್ಗದ್ದು ಹುಡುಕು" ಎನ್ನಬಾರದು. ಎರಡು ನಿಯಮಗಳಿವೆ. ಶೇಡಿಂಗ್ ಬಣ್ಣ, ಫ್ಲೋರೊಸೆಂಟ್ ಬಣ್ಣ ಹೀರುವ ಜಾಗದಲ್ಲಿ ಹೀರಬಾರದು. ಅದು ಹೊಮ್ಮಿಸುವ ಜಾಗದಲ್ಲಂತೂ ಹೀರಲೇಬಾರದು.

ಹಳದಿಗೆ ಲೆಕ್ಕ ಹಾಕಿ ನೋಡಿ. ಮಾಮೂಲಿ ಹಳದಿ ಸೇರಿಸಿದರೆ 440–460ರ ಬೆಳಕಿಗೆ ಎರಡೂ ಪೈಪೋಟಿ ಮಾಡುತ್ತವೆ. ಮಾಮೂಲಿ ಹಳದಿ ಕಸಿದುಕೊಂಡ ಬೆಳಕು ಶಾಖವಾಗಿ ಹೋಯಿತು, ವಾಪಸಿಲ್ಲ. ಮಾಮೂಲಿ ಕೆಂಪು 520ರ ಸುತ್ತ ಹೀರುವುದರಿಂದ ಹೊಮ್ಮುವ ಶಿಖರದ ಕತ್ತನ್ನೇ ಹಿಸುಕುತ್ತದೆ. ನೇವಿ ಅಗಲವಾಗಿ ಎಲ್ಲ ಕಡೆ ಹೀರುತ್ತದೆ. ಹಸಿರಿನ ಕಡೆ ತಿರುಗಿಸಬೇಕಾದರೆ ಡಿಸ್ಪರ್ಸ್ ಬ್ಲೂ 60ರಂಥ ಟರ್ಕಾಯ್ಸ್ ವಾಸಿ, ಅದರ ಹೀರುವಿಕೆ ದೂರದ ಕೆಂಪು ತುದಿಯಲ್ಲಿದೆ.

ಕೆಂಪಿನ ಕಡೆ ತಿರುಗಿಸಬೇಕಾದರೆ ಡಿಸ್ಪರ್ಸ್ ರೆಡ್ 277ರಂಥ ಫ್ಲೋರೊಸೆಂಟ್ ಕೆಂಪನ್ನೇ ಬಳಸಿ. ಆಗ ಹಳದಿ ಹೊಮ್ಮಿಸಿದ್ದನ್ನು ಕೆಂಪು ಹೀರಿ, ಇನ್ನೂ ಉದ್ದದ ತರಂಗಾಂತರದಲ್ಲಿ ಹೊಮ್ಮಿಸುತ್ತದೆ. ಬೆಳಕು ಕೈಯಿಂದ ಕೈಗೆ ದಾಟುತ್ತದೆ, ಪೋಲಾಗುವುದು ಕಡಿಮೆ. ಹೈ ವಿಸಿಬಿಲಿಟಿ ಕಿತ್ತಳೆ ಬರುವುದು ಹೀಗೆ.

ಮೊದಲ ರೆಸಿಪಿ: ಕಿಟಕಿ ವಿಧಾನ

ಸಾಫ್ಟ್‌ವೇರ್‌ನಲ್ಲಿ ಫ್ಲೋರೊಸೆಂಟ್ ಬಣ್ಣಕ್ಕೆಂದೇ ಆಯ್ಕೆ ಇದ್ದರೆ ಅದನ್ನು ಹಚ್ಚಿ. ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. 400ರಿಂದ 700ರವರೆಗಿನ ಇಡೀ ರೇಖೆಯನ್ನು ಹೊಂದಿಸಲು ಹೋಗದೆ, ಫ್ಲೋರೊಸೆನ್ಸ್ ಮುಟ್ಟದ ಎರಡು ಕಿಟಕಿಗಳಲ್ಲಿ ಮಾತ್ರ ನೋಡಿ. ಹೊಮ್ಮುವ ಬೆಳಕು ಹೀರಿದ ಬೆಳಕಿಗಿಂತ ಉದ್ದ ತರಂಗಾಂತರದಲ್ಲೇ ಇರುತ್ತದೆ, ಆದ್ದರಿಂದ ಹೀರುವ ಪಟ್ಟಿಯ ಗಿಡ್ಡ ತುದಿ ಸ್ವಚ್ಛ.

ಗಿಳಿ ಹಸಿರು ಶೇಡ್ ತೆಗೆದುಕೊಳ್ಳೋಣ: ಫ್ಲೋರೊಸೆಂಟ್ ಹಳದಿ, ಟರ್ಕಾಯ್ಸ್ ನೀಲಿ. ಅಂಕಿಗಳು ವಿಧಾನ ತೋರಿಸಲಷ್ಟೇ.

ಹಳದಿಯ ಪ್ರಮಾಣವನ್ನು 400–420ರ ಕಿಟಕಿಯಲ್ಲಿ ತೆಗೆಯಿರಿ. 450ರ ಕಣಿವೆಯ ತಳದಲ್ಲಿ ಬೇಡ. ಅಲ್ಲಿ ಪ್ರತಿಫಲನ 5 ಶೇಕಡಾ ಇದ್ದರೆ ಕೆ/ಎಸ್ 9.0; 4 ಶೇಕಡಾ ಇದ್ದರೆ 11.5. ಉಪಕರಣ ಒಂದೇ ಒಂದು ಶೇಕಡಾ ಆಚೀಚೆ ಓದಿದರೂ ಬಣ್ಣದ ಪ್ರಮಾಣ 28 ಶೇಕಡಾ ಹಾರುತ್ತದೆ. ಇಳಿಜಾರಿನ ಭುಜದ ಮೇಲೆ ಲೆಕ್ಕ ಸ್ಥಿರ. ಇಲ್ಲಿ ಡೇಟಾಬೇಸ್ ಜೊತೆ ಹೋಲಿಸಿ 0.60 ಶೇಕಡಾ ಬಂತು ಎಂದುಕೊಳ್ಳಿ.

ನೀಲಿಯನ್ನು 640–680ರ ಕಿಟಕಿಯಲ್ಲಿ ತೆಗೆಯಿರಿ. ಅಲ್ಲಿ ಹಳದಿ ಹೀರುವುದೂ ಇಲ್ಲ, ಅದು ಹೊಮ್ಮಿಸಿದ ಬೆಳಕಿನ ಬಾಲವೂ ಹೆಚ್ಚುಕಡಿಮೆ ಮುಗಿದಿರುತ್ತದೆ. 650ರಲ್ಲಿ ಮಾನಕದ ಪ್ರತಿಫಲನ 64 ಶೇಕಡಾ, ಕೆ/ಎಸ್ 0.1013. ಖಾಲಿ ಡೈಯಿಂಗ್ ಬಟ್ಟೆ 85 ಶೇಕಡಾ, ಕೆ/ಎಸ್ 0.0132. ಕಳೆದರೆ 0.0881. ನೀಲಿಯೊಂದನ್ನೇ 0.1 ಶೇಕಡಾ ಹಾಕಿದ ಡೇಟಾಬೇಸ್ ತುಂಡು 40 ಶೇಕಡಾ ತೋರಿಸುತ್ತದೆ, ಕೆ/ಎಸ್ 0.45, ಬೇಸ್ ಕಳೆದು 0.4368. ಆದ್ದರಿಂದ ನೀಲಿ = 0.1 × 0.0881 ÷ 0.4368 = 0.020 ಶೇಕಡಾ.

ಹಳದಿ 0.60, ನೀಲಿ 0.020. ಕ್ಯಾಲ್ಕುಲೇಟರ್ ಸಾಕು. ಸಾಫ್ಟ್‌ವೇರ್‌ನಲ್ಲೇ ಮಾಡುವುದಾದರೆ ಹಳದಿಯನ್ನು 0.60ಕ್ಕೆ ಕಟ್ಟಿಹಾಕಿ, ನೀಲಿಯನ್ನು ಮಾತ್ರ ಹುಡುಕಲು ಬಿಡಿ. ತೆರೆ ಮೇಲೆ ಬರುವ ಡೆಲ್ಟಾ ಇ ಅಂದಾಜಿಗೆ ಕಣ್ಣು ಹಾಯಿಸಬೇಡಿ, ಅದಕ್ಕೆ ಅರ್ಥವಿಲ್ಲ.

ಕಿತ್ತಳೆಗೆ ಈ ವಿಧಾನ ಅರ್ಧಕ್ಕೆ ನಿಲ್ಲುತ್ತದೆ. ಕೆಂಪು ಹೀರುವ ಜಾಗದಲ್ಲೇ ಹಳದಿ ಹೊಮ್ಮಿಸುತ್ತದೆ, ಸ್ವಚ್ಛ ಕಿಟಕಿ ಉಳಿಯುವುದಿಲ್ಲ. ಹಳದಿ ನಾಲ್ಕು ಪ್ರಮಾಣ, ಕೆಂಪು ನಾಲ್ಕು ಪ್ರಮಾಣ, ಹದಿನಾರು ಜೋಡಿ ಡಿಪ್‌ಗಳ ಚೌಕಟ್ಟು ಒಮ್ಮೆ ಹಾಕಿಟ್ಟುಕೊಳ್ಳಿ. ಮಾನಕದ ಬೆಲೆ ಯಾವ ನಾಲ್ಕು ಡಿಪ್‌ಗಳ ನಡುವೆ ಬೀಳುತ್ತದೆ ಎಂದು ನೋಡಿ ಅಲ್ಲಿಂದ ಹೊರಡಿ. ಎರಡು ದಿನದ ಕೆಲಸ, ಆದರೆ ಆ ಜೋಡಿ ಬಳಸುವಷ್ಟು ಕಾಲ ಉಪಯೋಗಕ್ಕೆ ಬರುತ್ತದೆ.

ತಿದ್ದುಪಡಿ

ಮೊದಲ ಡಿಪ್ ಹತ್ತಿರ ಬರುತ್ತದೆ, ಸರಿಯಾಗಿ ಬರುವುದಿಲ್ಲ. ಈಗ ಸಾಫ್ಟ್‌ವೇರ್‌ನ ತಿದ್ದುಪಡಿ ಬಟನ್ ಒತ್ತಬೇಡಿ, ಅದೂ ಕೆ/ಎಸ್‌ನದೇ ಕೂಸು. ಬದಲಿಗೆ ಪ್ರಭಾವ ಪಟ್ಟಿ ಮಾಡಿ. ಅದೇ ರೆಸಿಪಿಯಲ್ಲಿ ಹಳದಿ ಮಾತ್ರ 10 ಶೇಕಡಾ ಹೆಚ್ಚಿಸಿ ಒಂದು ಡಿಪ್, ನೀಲಿ ಮಾತ್ರ 10 ಶೇಕಡಾ ಹೆಚ್ಚಿಸಿ ಇನ್ನೊಂದು. ಮೂಲ ಡಿಪ್ಪಿಗೆ ಹೋಲಿಸಿ ಎಲ್ (ಬಿಳಿ–ಕಪ್ಪು), ಎ (ಕೆಂಪು–ಹಸಿರು), ಬಿ (ಹಳದಿ–ನೀಲಿ) ಎಷ್ಟು ಸರಿದವು ಎಂದು ಬರೆಯಿರಿ:

ಹಳದಿ +10 ಶೇಕಡಾ: ಎಲ್ −0.2, ಎ +0.4, ಬಿ +1.2
ನೀಲಿ +10 ಶೇಕಡಾ: ಎಲ್ −0.7, ಎ −1.0, ಬಿ −1.6

ನಿಮ್ಮ ಡಿಪ್ ಮಾನಕಕ್ಕಿಂತ ಎಲ್ 0.6, ಎ 0.5, ಬಿ 0.5 ಹೆಚ್ಚಿದೆ ಎನ್ನೋಣ. ಅಂದರೆ ಎ ಮತ್ತು ಬಿ ಎರಡನ್ನೂ 0.5 ಇಳಿಸಬೇಕು. ಹಳದಿಯ ಬದಲಾವಣೆ ಕ್ಷ, ನೀಲಿಯದು ಯ, ಎರಡೂ 10 ಶೇಕಡಾದ ಲೆಕ್ಕದಲ್ಲಿ:

0.4ಕ್ಷ − 1.0ಯ = −0.5
1.2ಕ್ಷ − 1.6ಯ = −0.5

ಬಿಡಿಸಿದರೆ ಕ್ಷ = 0.536, ಯ = 0.714. ಹಳದಿ 5.4 ಶೇಕಡಾ ಏರಿ 0.632, ನೀಲಿ 7.1 ಶೇಕಡಾ ಏರಿ 0.0214. ಎಲ್ ಪರೀಕ್ಷಿಸಿ: −0.2 × 0.536 − 0.7 × 0.714 = −0.61. ಬೇಕಾದದ್ದೂ −0.6. ಸರಿಹೋಯಿತು.

ಇಲ್ಲೊಂದು ಸ್ವಾರಸ್ಯ ಗಮನಿಸಿ. ಡಿಪ್ ಹಳದಿಯಾಗಿ ಕಾಣುತ್ತಿತ್ತು, ಆದರೂ ಲೆಕ್ಕ ಹಳದಿಯನ್ನು ಹೆಚ್ಚಿಸಲು ಹೇಳಿತು. ಕಣ್ಣಂದಾಜಿನವರು ಹಳದಿ ಕಡಿಮೆ ಮಾಡುತ್ತಿದ್ದರು, ನೀಲಿ ಹಾಗೇ ಬಿಡುತ್ತಿದ್ದರು, ಮೂರು ಡಿಪ್ ಜಾಸ್ತಿ ಹಿಡಿಯುತ್ತಿತ್ತು. ನೀಲಿ ಏರಿಸಿದಾಗ ಹೊಮ್ಮುವ ಬೆಳಕು ಕುಗ್ಗಿ ಬಿ ಜೋರಾಗಿ ಬೀಳುತ್ತದೆ, ಅದನ್ನು ತುಂಬಿಕೊಡಲು ಹಳದಿ ಬೇಕು.

ಎ, ಬಿ ಸರಿಹೋಗಿ ಎಲ್ ಮಾತ್ರ ಮಾನಕಕ್ಕಿಂತ ಒಂದು ಅಂಕವನ್ನೂ ಮೀರಿ ಕೆಳಗೆ ಬಂದರೆ ಪ್ರಮಾಣ ತಿದ್ದಿ ಪ್ರಯೋಜನವಿಲ್ಲ. ಬಣ್ಣದ ಆಯ್ಕೆಯೇ ತಪ್ಪಿದೆ, ಇಲ್ಲವೇ ಕೊಳೆ ಸೇರಿದೆ. ಈ ಪಟ್ಟಿ ಆ ರೆಸಿಪಿಯ 20 ಶೇಕಡಾ ಆಚೀಚೆಗೆ ಮಾತ್ರ ನಂಬಲರ್ಹ, ಅದಕ್ಕಿಂತ ದೂರ ಹೋದರೆ ಹೊಸ ಪಟ್ಟಿ ಮಾಡಿ.

ಪಾಸ್ ಎನ್ನುವ ಮುನ್ನ

ಡಿ65ರಲ್ಲಿ ಅಳೆದ ರೇಖೆಯಿಂದ ಸಾಫ್ಟ್‌ವೇರ್ ಇಲ್ಯೂಮಿನಂಟ್ ಎ (ಬಲ್ಬಿನ ಬೆಳಕು) ಮತ್ತು ಟಿಎಲ್84ರ (ಅಂಗಡಿಯ ಟ್ಯೂಬ್‌ಲೈಟ್) ಬೆಲೆಗಳನ್ನೂ ಲೆಕ್ಕಹಾಕಿ ಕೊಡುತ್ತದೆ. ಮಾಮೂಲಿ ಬಣ್ಣಕ್ಕೆ ಅದು ಸರಿ, ಬಟ್ಟೆಯ ಪ್ರತಿಫಲನ ದೀಪ ಬದಲಾದರೆ ಬದಲಾಗುವುದಿಲ್ಲ. ಫ್ಲೋರೊಸೆಂಟ್ ಬಟ್ಟೆಯಲ್ಲಿ ಬದಲಾಗುತ್ತದೆ: ನೀಲಿ ಕಡಿಮೆ ಇರುವ ಬಲ್ಬಿನ ಬೆಳಕಿನಲ್ಲಿ ಹಳದಿಗೆ ಹೀರಲು ಆಹಾರವೇ ಕಡಿಮೆ, ಹೊಮ್ಮುವುದೂ ಕಡಿಮೆ. ಹಾಗಾಗಿ ಆ ಮೆಟಾಮೆರಿಸಂ (ದೀಪ ಬದಲಾದಾಗ ಹೊಂದಿಕೆ ತಪ್ಪುವುದು) ಸೂಚ್ಯಂಕವನ್ನು ವರದಿಯಿಂದ ತೆಗೆದುಹಾಕಿ. ಟಿಎಲ್84ರಲ್ಲಿ ಹೊಂದುತ್ತದೆಯೇ ಎಂಬುದನ್ನು ಲೈಟ್ ಬಾಕ್ಸ್‌ನಲ್ಲಿ ಕಣ್ಣಿನಿಂದಲೇ ನೋಡಬೇಕು. ಡಿ65 ನೋಡುವಾಗ ಯುವಿ ಟ್ಯೂಬ್ ಹಚ್ಚಿಟ್ಟೋ ಆರಿಸಿಯೋ ಎಂದು ಗ್ರಾಹಕರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಸುರಕ್ಷತಾ ಉಡುಪಿನ ಬಟ್ಟೆಯಾದರೆ ಗ್ರಾಹಕರ ತುಂಡಿಗೆ ಹೊಂದಿದರೆ ಸಾಲದು, ಹೈ ವಿಸಿಬಿಲಿಟಿ ಉಡುಪಿನ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 20471ರ ಚೌಕಟ್ಟಿನ ಒಳಗೆ ಬೀಳಬೇಕು. ಅದರಲ್ಲಿ ಮೂರೇ ಬಣ್ಣ: ಹಳದಿ, ಕಿತ್ತಳೆ ಕೆಂಪು, ಕೆಂಪು. ಹಳದಿಯ ವರ್ಣ ನಿರ್ದೇಶಾಂಕಗಳ ನಾಲ್ಕು ಮೂಲೆಗಳು (0.387, 0.610), (0.356, 0.494), (0.398, 0.452), (0.460, 0.540). ಕನಿಷ್ಠ ಪ್ರಕಾಶ ಅಂಶ ಹಳದಿಗೆ 0.70, ಕಿತ್ತಳೆ ಕೆಂಪಿಗೆ 0.40, ಕೆಂಪಿಗೆ 0.25. ಇದನ್ನು ಅಳೆಯುವುದು 45/0 ಜ್ಯಾಮಿತಿಯಲ್ಲಿ (ಬೆಳಕು 45 ಡಿಗ್ರಿಯಿಂದ, ನೋಟ ನೇರವಾಗಿ), ಡಿ65ರಲ್ಲಿ, 2 ಡಿಗ್ರಿ ವೀಕ್ಷಕನಿಗೆ, ಕೆಳಗೆ ಕಪ್ಪು ಹಿನ್ನೆಲೆ ಇಟ್ಟು. ನಿಮ್ಮ ಲ್ಯಾಬ್‌ನಲ್ಲಿ ಗೋಳದ ಉಪಕರಣ, 10 ಡಿಗ್ರಿ, ನಾಲ್ಕು ಮಡಿಕೆ. ಎರಡರ ಅಂಕಿಗಳು ಹೊಂದುವುದಿಲ್ಲ. ಮಡಿಚಿದಾಗ 0.78 ತೋರಿಸಿದ ತೆಳು ಮೆಶ್ ಬಟ್ಟೆ, ಒಂದೇ ಪದರದಲ್ಲಿ ಕಪ್ಪಿನ ಮೇಲೆ ಇಟ್ಟಾಗ 0.70ರ ಕೆಳಗೆ ಜಾರಬಹುದು. ರಂಧ್ರದ ಮೂಲಕ ಕಪ್ಪು ಇಣುಕುವುದೇ ಕಾರಣ. ಮೆಶ್ ಆರ್ಡರ್ ಹಿಡಿಯುವ ಮೊದಲೇ ಒಂದು ತುಂಡನ್ನು 45/0 ಇರುವ ಪರೀಕ್ಷಾಲಯಕ್ಕೆ ಕಳಿಸಿ. ಚೌಕಟ್ಟಿನ ಅಂಚಿನಲ್ಲಿ ನಿಲ್ಲುವ ಶೇಡ್ ಕೊಡಬೇಡಿ: ಕ್ಸೆನಾನ್ ಬೆಳಕಿನ ಪರೀಕ್ಷೆ ಆದ ಮೇಲೂ ಅದು ಒಳಗೇ ಇರಬೇಕು, ಈ ಬಣ್ಣಗಳು ಬಿಸಿಲಿಗೆ ಬಾಡುವುದರಲ್ಲಿ ಮುಂದು.

ಬಲ್ಕ್‌ಗೆ ಹೋಗುವಾಗ

ಹಿಂದಿನ ಲಾಟ್ ನೇವಿ ಅಥವಾ ಕಪ್ಪು ಆಗಿದ್ದರೆ ಯಂತ್ರವನ್ನು ಕಾಸ್ಟಿಕ್ ಮತ್ತು ಹೈಡ್ರೋಸ್ ಹಾಕಿ 130ಕ್ಕೆ ಏರಿಸಿ ಕುದಿಸಿ ತೊಳೆಯಿರಿ. ಆ ಮೇಲೂ ನಂಬಬೇಡಿ. ಬಿಳಿ ಪಾಲಿಯೆಸ್ಟರ್ ತುಂಡೊಂದನ್ನು ಬಣ್ಣವಿಲ್ಲದೆ 130ರಲ್ಲಿ ಓಡಿಸಿ ಅಳೆಯಿರಿ. 600ರ ಸುತ್ತ ಪ್ರತಿಫಲನ ಇಳಿದಿದ್ದರೆ ಇನ್ನೊಮ್ಮೆ ತೊಳೆಯಬೇಕು. ಫಿಲ್ಟರ್ ಜಾಳಿ, ಬಣ್ಣ ಸೇರಿಸುವ ಟ್ಯಾಂಕಿನ ತಳ, ಪಂಪಿನ ಕೊಳವೆ, ಬಾಗಿಲಿನ ರಬ್ಬರ್, ಕೊಳೆ ಅಡಗುವುದು ಇಲ್ಲೇ. ರೆಸಿಪಿಯಲ್ಲಿ ನೀಲಿ 0.020 ಶೇಕಡಾ ಇರುವಾಗ, ಯಂತ್ರದಲ್ಲಿ ಉಳಿದ 0.002 ಶೇಕಡಾ ನೇವಿಯೂ ಆ ಪ್ರಭಾವ ಪಟ್ಟಿಯ ಒಂದು ಪೂರ್ತಿ ಹೆಜ್ಜೆಗೆ ಸಮ.

ಮೊದಲ ಬಲ್ಕ್‌ಗೆ ಫ್ಲೋರೊಸೆಂಟ್ ಬಣ್ಣ ಪೂರ್ತಿ ಹಾಕಿ, ಶೇಡಿಂಗ್ ನೀಲಿ 80 ಶೇಕಡಾ ಮಾತ್ರ ಹಾಕಿ. ಕಡಿಮೆಯಾದ ನೀಲಿಯನ್ನು ಆಮೇಲೆ ಸೇರಿಸಬಹುದು. ಹೆಚ್ಚಾದ ನೀಲಿಯನ್ನು ಮುಚ್ಚಲು ಹಳದಿ ಸುರಿದರೆ ಗುಡ್ಡದ ಆಚೆಗೆ ಹೋಗುತ್ತೀರಿ, ಮಂಕಾದ ಬಟ್ಟೆಗೆ ಹೊಳಪು ಮರಳುವುದಿಲ್ಲ. ಆ ಲಾಟ್ ಕಪ್ಪಿಗೇ ಹೋಗಬೇಕು. ಸೇರಿಸುವಾಗ 80 ಡಿಗ್ರಿಗೆ ಇಳಿಸಿ, ಸೇರಿಸಿ, ಮತ್ತೆ 130ಕ್ಕೆ ಏರಿಸಿ.

ಹೀಟ್ ಸೆಟ್ಟಿಂಗನ್ನು ಡೈಯಿಂಗಿಗೆ ಮೊದಲೇ ಮುಗಿಸಿ. ಬಣ್ಣ ಹಾಕಿದ ಬಟ್ಟೆಯನ್ನು 190ರ ಸ್ಟೆಂಟರಿನಲ್ಲಿ (ಬಟ್ಟೆಯನ್ನು ಎಳೆದು ಹಿಡಿದು ಬಿಸಿ ಮಾಡುವ ಯಂತ್ರ) ಓಡಿಸಿದರೆ ಕೆಲವು ಬಣ್ಣಗಳು ಆವಿಯಾಗಿ ಹಾರುತ್ತವೆ, ಸಿಲಿಕೋನ್ ಮೆದುಕಾರಿ ಇದ್ದರೆ ಮೇಲ್ಮೈಗೆ ವಲಸೆ ಬಂದು ಉಜ್ಜಿದಾಗ ಬಿಡುತ್ತವೆ. ಕೊನೆಯ ಫಿನಿಶಿಂಗ್ 150ರ ಆಸುಪಾಸಿನಲ್ಲಿ ಸಾಕು. ಡಿಪ್‌ಗೂ ಅದೇ ಫಿನಿಶ್ ಹಾಕಿ ಅಳೆದಿದ್ದರೆ ಕೊನೆಯಲ್ಲಿ ಅಚ್ಚರಿ ಇರುವುದಿಲ್ಲ.

ಬೇರೆ ನೂಲುಗಳು

ನೈಲಾನ್ ಮತ್ತು ರೇಷ್ಮೆಗೆ ಆಮ್ಲ ಬಣ್ಣಗಳಿವೆ. ಆಸಿಡ್ ರೆಡ್ 52 ಅಂದರೆ ಸಲ್ಫೋರೋಡಮಿನ್ ಬಿ. ಸೀರೆಯ ರಾಣಿ ಪಿಂಕ್ ಉರಿಯುವಂತೆ ಕಾಣುವುದು ಇಂಥ ರೋಡಮಿನ್ ಜಾತಿಯ ಬಣ್ಣದಿಂದ. ಸಂಸ್ಕರಿಸಿದ ರೇಷ್ಮೆ ನೂಲಿನ ಸ್ವಂತ ಹೊಳಪು ಕೋನಕ್ಕೆ ತಕ್ಕಂತೆ ಬದಲಾಗುವುದರಿಂದ ಲಡಿಯನ್ನು ಹಲಗೆಗೆ ಒತ್ತಾಗಿ ಸುತ್ತಿ, ನೂಲಿನ ದಿಕ್ಕು ಪ್ರತಿ ಸಲ ಒಂದೇ ಇರುವಂತೆ ಅಳೆಯಿರಿ. ಅಕ್ರಿಲಿಕ್‌ಗೆ ಬೇಸಿಕ್ ಯೆಲ್ಲೋ 40 ಇದೆ, ಹೊಳಪು ಚೆನ್ನಾಗಿ ಬರುತ್ತದೆ.

ಹತ್ತಿಗೆ ನಿಯಾನ್ ಕೇಳಿದರೆ ಮೊದಲೇ ಆಗುವುದಿಲ್ಲ ಎಂದುಬಿಡಿ. ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣದಲ್ಲಿ ಆ ಹೊಳಪು ಸಿಗುವುದಿಲ್ಲ. ಬಣ್ಣದ ಮಾದರಿ ಪುಸ್ತಕ ತರುವ ಪ್ಯಾಂಟೋನ್ ಕಂಪನಿ ಕೂಡ ಇಂಥ ಪ್ರಖರ ಶೇಡ್‌ಗಳನ್ನು ಹತ್ತಿಯಲ್ಲಿ ಕೊಡದೆ ನೈಲಾನ್ ತುಂಡುಗಳಲ್ಲಿ, ಟಿಎನ್ ಎಂಬ ಹೆಸರಿನಡಿ ಕೊಟ್ಟಿದೆ. ಗ್ರಾಹಕರು ಕೊಟ್ಟ ಪ್ಯಾಂಟೋನ್ ಸಂಖ್ಯೆಯ ಕೊನೆಯಲ್ಲಿ ಟಿಎನ್ ಇದ್ದು ಬಟ್ಟೆ ಹತ್ತಿಯದಾಗಿದ್ದರೆ ಅಲ್ಲೇ ಮಾತು ನಿಲ್ಲಿಸಿ. ಪಾಲಿಯೆಸ್ಟರ್ ಮುಖ ಹೊರಗೆ, ಹತ್ತಿ ಒಳಗೆ ಬರುವ ಹೆಣಿಗೆ ಒಂದು ದಾರಿ. ಫ್ಲೋರೊಸೆಂಟ್ ಪಿಗ್ಮೆಂಟ್ ಪ್ರಿಂಟ್ ಇನ್ನೊಂದು.

ಮಾನಕದ ತುಂಡನ್ನು ಏನು ಮಾಡಬೇಕು

ಬಂದ ದಿನವೇ ಅಳೆದು ದಿನಾಂಕ ಹಾಕಿ ಉಳಿಸಿ. ಆಮೇಲೆ ಮೂರು ತುಂಡು ಮಾಡಿ. ಒಂದು ಕಪ್ಪು ಲಕೋಟೆಯಲ್ಲಿ ಬೀರುವಿಗೆ, ಅದನ್ನು ತಿಂಗಳಿಗೊಮ್ಮೆ ಅಳೆಯಲು ಮಾತ್ರ ತೆಗೆಯಿರಿ. ಇನ್ನೊಂದು ಲೈಟ್ ಬಾಕ್ಸ್‌ನ ದಿನದ ಬಳಕೆಗೆ. ಮೂರನೆಯದು ಬಲ್ಕ್ ವಿಭಾಗಕ್ಕೆ. ದಿನದ ತುಂಡು ಬೀರುವಿನ ತುಂಡಿಗಿಂತ ಡೆಲ್ಟಾ ಇ 0.5 ಆಚೆ ಹೋದ ದಿನ ಅದನ್ನು ಹರಿದು ಹಾಕಿ. ಕಿಟಕಿ ಪಕ್ಕದ ಮೇಜಿನ ಮೇಲೆ ಮರೆತ ನಿಯಾನ್ ತುಂಡು ಸದ್ದಿಲ್ಲದೆ ಬಾಡುತ್ತದೆ, ಆಮೇಲೆ ಒಳ್ಳೆಯ ಲಾಟ್ "ಜಾಸ್ತಿ ಹೊಳೆಯುತ್ತಿದೆ" ಎಂಬ ಕಾರಣಕ್ಕೆ ಫೇಲ್ ಆಗುತ್ತದೆ.